ದುರ್ಬೀನು ಹಿಡಿದು ಗೋವಾದ ಕಾಡಿನಲ್ಲಿ

ನನ್ನ ಸೋದರಮಾವ ಧಾರವಾಡ ಬಿಟ್ಟು ಕೊಲರಾಡೋ ಸೇರಿ ಬಹಳ ವರ್ಷ ಆಯಿತು. ಅಲ್ಲಿ ಅಕ್ಟೋಬರ್ ಬಂತೆಂದರೆ ಅವರು ಲೈಸೆನ್ಸು ತೆಗೆದುಕೊಂಡು ಗುಡ್ಡ ಹತ್ತಿ ಜಿಂಕೆ ಬೇಟೆಗೆ ಹೋಗುತ್ತಾರೆ. ಈ ಫೆಬ್ರವರಿಯಲ್ಲಿ ವಾಸ್ಕೋದ ನಮ್ಮ ಮನೆಗೆ ಬಂದವರು ಸಮುದ್ರದ ಮಾತೇ ಎತ್ತಲಿಲ್ಲ. "ನಿಮ್ಮ ಗೋವಾದಾಗ ಕಡವೆ ಅದಾವಂತಲ್ಲ, ತೋರಸು" ಎಂದರು.

"ಇಲ್ಲಿ ಬಂದೂಕು ಹಿಡಿಯೋ ಹಾಗಿಲ್ಲ ಮಾವ" ಎಂದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮೊದಮೊದಲು ಲೈಸೆನ್ಸಿನ ಬೇಟೆಗೆ ಅದರಲ್ಲಿ ಸ್ವಲ್ಪ ಜಾಗ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು.

ಮಾವ ನಕ್ಕರು. "ಬಂದೂಕಿಂದು ಕಡೀಗೆ ಐದು ನಿಮಿಷದ ಕೆಲಸ. ಉಳಿದದ್ದೆಲ್ಲಾ ದುರ್ಬೀನಿಂದ. ನನಗ ಆ ಉಳಿದದ್ದು ಸಾಕು."

ಮಗಳಿಗೆ ಶಾಲೆಯಿಂದ ರಜೆ ಕೇಳಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆವು. ಅರಣ್ಯ ಇಲಾಖೆಯ ಕಾಟೇಜುಗಳನ್ನು ಮೊದಲೇ ಹೇಳಿಟ್ಟಿದ್ದೆವು. ಕಾರು ನಾನೇ ಓಡಿಸಿದೆ.

ಮೊದಲ ದಿನ: ಬೋಂಡ್ಲಾ

ಪೋಂಡಾ ದಾಟಿ ಉಸ್‌ಗಾಂವ್ ಕಡೆ ಹೊರಳಿದರೆ ಗದ್ದಲ ಒಮ್ಮೆಲೇ ಕಮ್ಮಿಯಾಗುತ್ತದೆ. ರಸ್ತೆಯ ಎರಡೂ ಬದಿ ಗೇರು ತೋಟ. ಗೇರು ಹೂ ಬಿಟ್ಟಿತ್ತು, ಗಾಜು ಇಳಿಸಿದರೆ ಅದರ ಸಿಹಿ ವಾಸನೆ ಕಾರಿನೊಳಗೆ ಬರುತ್ತಿತ್ತು. ಬೋಂಡ್ಲಾ ಗೋವಾದ ಚಿಕ್ಕ ಅಭಯಾರಣ್ಯಗಳಲ್ಲಿ ಒಂದು, ಬರೀ 8 ಚದರ ಕಿಲೋಮೀಟರ್. ಒಳಗೊಂದು ಮೃಗಾಲಯ ಇದೆ. ಗುರುವಾರ ಬಾಗಿಲು ಹಾಕಿರುತ್ತದೆ, ಹೋಗುವವರು ಅದನ್ನು ನೆನಪಿಡಬೇಕು.

ಕಾಡಿನ ಜಿಂಕೆ ನೋಡಲು ಬಂದು ಬೇಲಿಯೊಳಗಿನ ಜಿಂಕೆ ಯಾಕೆ ಅಂತ ಮಗಳು ಮುಖ ಸಣ್ಣ ಮಾಡಿದಳು. ಮಾವನಿಗೆ ಬೇಕಾದದ್ದು ಅದೇ. "ಕಣ್ಣಿಗೆ ಮೊದಲು ಬಣ್ಣ ಕಲಸಬೇಕು ಪುಟ್ಟಿ. ಬಿಸಿಲಾಗ ಕಡವೆ ಯಾವ ಬಣ್ಣ, ನೆರಳಾಗ ಯಾವ ಬಣ್ಣ, ನೋಡಿಕೋ" ಎಂದರು. ನಿಜವಾಗಿಯೂ ಅದು ಎರಡು ಬಣ್ಣ. ಬಿಸಿಲಿನಲ್ಲಿ ನಿಂತಾಗ ಕಂದು. ಮರದಡಿ ಸರಿದ ಕೂಡಲೇ ಮಣ್ಣು, ತೊಗಟೆ, ನೆರಳಿನ ಜೊತೆ ಕಲಸಿಹೋಗುತ್ತದೆ. ಚುಕ್ಕೆ ಜಿಂಕೆಯ ಬಿಳಿ ಚುಕ್ಕೆಗಳು ಎಲೆ ಸಂದಿಯ ಬಿಸಿಲಿನ ಜೊತೆ ಸೇರಿಬಿಡುತ್ತವೆ. ಬೇಲಿಯೊಳಗೇ ಅಷ್ಟು ಹುಡುಕಬೇಕಾದರೆ ಹೊರಗೆ ಹೇಗಪ್ಪಾ ಅನ್ನಿಸಿತು.

ಬೆಂಚಿನ ಮೇಲೆ ಕೂತು ದುರ್ಬೀನು ಹೊಂದಿಸುವ ಪಾಠ ಆಯಿತು. ಮೊದಲು ಎರಡು ಕೊಳವೆಗಳ ಅಗಲ ಸರಿಮಾಡಬೇಕು, ಎರಡು ವೃತ್ತ ಸೇರಿ ಒಂದಾಗುವ ತನಕ. ಆಮೇಲೆ ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಕಣ್ಣಿನ ಹತ್ತಿರ ಇರುವ ಚಿಕ್ಕ ಬಳೆ ತಿರುಗಿಸಬೇಕು. ಆ ಬಳೆಯನ್ನು ಒಮ್ಮೆ ಹೊಂದಿಸಿದರೆ ಸಾಕು, ಮತ್ತೆ ಮುಟ್ಟುವ ಕೆಲಸ ಇಲ್ಲ. ಕನ್ನಡಕದವರು ಕಣ್ಣಿಗೆ ತಾಗುವ ರಬ್ಬರನ್ನು ಒಳಗೆ ತಿರುಗಿಸಿಕೊಳ್ಳಬೇಕು, ಇಲ್ಲವಾದರೆ ನೋಟದ ಅಂಚು ಕತ್ತರಿಸಿಹೋಗುತ್ತದೆ. ಮಗಳ ಕನ್ನಡಕಕ್ಕೆ ಇದರಿಂದ ದೊಡ್ಡ ಉಪಕಾರ ಆಯಿತು. ಮರದ ಮೇಲಿದ್ದ ಕೆಂದಳಿಲಿನ ಮೀಸೆ ಕಂಡಿತು ಅಂತ ಕುಣಿದಳು.

ರಾತ್ರಿ ಕಾಟೇಜಿನ ಜಗಲಿಯಲ್ಲಿ ರೊಟ್ಟಿ ಬಿಚ್ಚಿದೆವು. ಮಾವ ಕೊಲರಾಡೋದ ಕಥೆ ಹೇಳಿದರು. ಅಲ್ಲಿನ ಮ್ಯೂಲ್ ಡಿಯರ್ ದೊಡ್ಡ ಕಿವಿಯ ಜಿಂಕೆ, ಬಯಲು ಗುಡ್ಡದಲ್ಲಿ ಇರುತ್ತದೆ. ಬೆಳಕು ಹರಿಯುವ ಮೊದಲೇ ದಿಬ್ಬದ ಮೇಲೆ ಹೋಗಿ ಕೂರಬೇಕು, ಸೂರ್ಯ ಬೆನ್ನಿಗೆ ಬರುವ ಹಾಗೆ. ದುರ್ಬೀನನ್ನು ಮೂರುಕಾಲಿನ ಸ್ಟ್ಯಾಂಡಿಗೆ ಹಾಕಿ, ಎದುರಿನ ಇಳಿಜಾರನ್ನು ಪಟ್ಟಿ ಪಟ್ಟಿಯಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡುತ್ತಾ ಇಳಿಯಬೇಕು. ಮೈಲಿ ದೂರದ ಪೊದೆಯಡಿ ಮಲಗಿದ ಗಂಡು ಜಿಂಕೆಯ ಕೊಂಬಿನ ತುದಿ ಸಿಕ್ಕರೆ ಆ ದಿನ ಗೆದ್ದ ಹಾಗೆ. ಅಲ್ಲಿಂದ ಗಾಳಿ ನೋಡಿಕೊಂಡು ಸುತ್ತು ಹಾಕಿ ಹತ್ತಿರ ಹೋಗುವುದು ಬೇರೆಯೇ ಅಧ್ಯಾಯ.

ಬಂದೂಕಿನ ಸೀಸನ್ನಿನಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ ಮತ್ತು ಟೋಪಿ ಹಾಕಲೇಬೇಕು ಅನ್ನುವುದು ಅಲ್ಲಿನ ಕಾನೂನು. ಮನುಷ್ಯರಿಗೆ ಅದು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಜಿಂಕೆಗಳಿಗೆ ಕೆಂಪು, ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಅವು ಆ ಬಣ್ಣಕ್ಕೆ ಬೆದರುವುದಿಲ್ಲ. ಕೈ ಅಲುಗಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಒಂದು ಮಾತನ್ನು ಮಾವ ಒತ್ತಿ ಒತ್ತಿ ಹೇಳಿದರು. ಬಂದೂಕಿನ ಮೇಲೆ ಕೂರಿಸಿದ ಸ್ಕೋಪಿನಲ್ಲಿ ಏನನ್ನೂ ಹುಡುಕಬಾರದು. "ಕಣ್ಣು ಹೋದಲ್ಲಿ ನಳಿಗೀನೂ ಹೋಗ್ತದ. ಅಲ್ಲಿ ಪೊದಿ ಹಿಂದ ಮನಶಾ ಇದ್ರ? ಅದಕ್ಕಂತನ ದುರ್ಬೀನು ಬ್ಯಾರೆ ಇರಬೇಕು." ಮಗಳು ಸುಮ್ಮನೆ ಕೇಳುತ್ತಿದ್ದವಳು, "ಅಜ್ಜ, ಅಷ್ಟು ಹೊತ್ತು ನೋಡಿದ ಮೇಲೆ ಹೊಡಿಯೋಕೆ ಮನಸ್ಸು ಹೇಗೆ ಬರುತ್ತೆ?" ಎಂದಳು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಷ್ಟೋ ಸಲ ಬರೂದಿಲ್ಲವಾ. ನೋಡಿ ಇಳದು ಬಂದೇನಿ. ಹೊಡದಾಗ ಅದರ ಮಾಂಸ ವರ್ಷಾನಗಟ್ಟಲೆ ತಿಂದೀವಿ, ಒಂದು ತುಂಡೂ ಚೆಲ್ಲಿಲ್ಲ" ಎಂದರು. ನಾವು ಮಾಂಸ ತಿನ್ನದ ಮನೆಯವರು. ಆದರೂ ಆ ಉತ್ತರ ನನಗೆ ಪ್ರಾಮಾಣಿಕ ಅನ್ನಿಸಿತು.

ಎರಡನೇ ದಿನ: ಮೊಲೆಂ ಮತ್ತು ತಾಂಬ್ಡಿ ಸುರ್ಲಾ

ಬೆಳಿಗ್ಗೆ ಬೇಗ ಹೊರಟು ಮೊಲೆಂ ಸೇರಿದೆವು. ಬೆಳಗಾವಿಗೆ ಹೋಗುವ ದೊಡ್ಡ ರಸ್ತೆ ಇದೇ ಊರಿನ ಮೂಲಕ ಅನ್‌ಮೋಡ್ ಘಾಟ್ ಹತ್ತುತ್ತದೆ. ಇಲ್ಲಿನ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನ ಎರಡೂ ಸೇರಿ ಸುಮಾರು 240 ಚದರ ಕಿಲೋಮೀಟರ್. ಅದರ ಆಚೆ ನಮ್ಮ ಉತ್ತರ ಕನ್ನಡದ ಕಾಡು. ಪ್ರಾಣಿಗಳಿಗೆ ಗಡಿ ಗೊತ್ತಿಲ್ಲ, ಅತ್ತಿಂದಿತ್ತ ಓಡಾಡುತ್ತವೆ.

ತಾಂಬ್ಡಿ ಸುರ್ಲಾದ ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ ಇಳಿದದ್ದೇ ತಡ, ಬಲಗಡೆ ಕಾಡಿನಿಂದ ನಾಯಿ ಬೊಗಳಿದ ಹಾಗೆ ಒಂದು ಕೂಗು. ಸ್ವಲ್ಪ ಬಿಟ್ಟು ಇನ್ನೊಂದು. ಕಾಡುಕುರಿ! ಹೆಸರು ಕುರಿಯದ್ದಾದರೂ ಅದು ಚಿಕ್ಕ ಜಾತಿಯ ಜಿಂಕೆ. ಅನುಮಾನ ಬಂದರೆ ಹೀಗೆ ಬಿಟ್ಟು ಬಿಟ್ಟು ಕೂಗುತ್ತಲೇ ಇರುತ್ತದೆ. ಮೂವರೂ ದುರ್ಬೀನು ಕಣ್ಣಿಗೆ ಇಟ್ಟೆವು. ಬರೀ ಬಿಳಿ ಮಂಜು! ದಾರಿಯುದ್ದಕ್ಕೂ ಕಾರಿನ ಎಸಿಯಲ್ಲಿ ಗಾಜು ತಣ್ಣಗಾಗಿತ್ತು. ಹೊರಗಿನ ತೇವದ ಗಾಳಿ ತಗುಲಿದ ಕೂಡಲೇ ಮಸುಕು ಹಿಡಿಯಿತು. ಒರೆಸಿದರೆ ಮತ್ತೆ ಹಿಡಿಯಿತು. ಗಾಜು ಬೆಚ್ಚಗಾಗುವಷ್ಟರಲ್ಲಿ ಕೂಗು ಗುಡ್ಡ ಹತ್ತಿ ದೂರ ಹೋಗಿತ್ತು. ಕೊಲರಾಡೋದ ಒಣ ಹವೆಯಲ್ಲಿ ಮಾವನಿಗೆ ಇಂಥದ್ದು ಎದುರಾಗಿರಲಿಲ್ಲ. ಅಲ್ಲಿಂದ ಮುಂದೆ ಬೆಳಗಿನ ಹೊತ್ತು ಎಸಿ ಬಂದ್, ಗಾಜು ಇಳಿಸಿಯೇ ಪ್ರಯಾಣ. ಕರಾವಳಿಯಲ್ಲಿ ದುರ್ಬೀನು ಒಯ್ಯುವವರು ಇದೊಂದನ್ನು ಪಾಲಿಸಿದರೆ ಬಹಳ ನಿರಾಸೆ ತಪ್ಪುತ್ತದೆ.

ತಾಂಬ್ಡಿ ಸುರ್ಲಾದ ಮಹಾದೇವ ದೇವಸ್ಥಾನದ ಮುಂದೆ ಮನಸ್ಸು ಸಮಾಧಾನಕ್ಕೆ ಬಂತು. ಕದಂಬರ ಕಾಲದ್ದು, ಕಪ್ಪು ಬಸಾಲ್ಟ್ ಕಲ್ಲಿನದ್ದು. ಸುತ್ತ ಕಾಡು, ಪಕ್ಕದಲ್ಲಿ ಹೊಳೆ. ಕಂಬವೊಂದರ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುವ ಕೆತ್ತನೆ ಇದೆ. ಮಾವ ಅದರ ಮುಂದೆ ಬಹಳ ಹೊತ್ತು ನಿಂತರು. ಹಾನಗಲ್ಲು, ಬನವಾಸಿ ಕಡೆಯ ಗುಡಿಗಳನ್ನು ನೋಡಿ ಬೆಳೆದವರಿಗೆ ಇಲ್ಲಿ ಪರಊರಿಗೆ ಬಂದ ಹಾಗೆ ಅನ್ನಿಸುವುದೇ ಇಲ್ಲ. ಹೊಳೆ ದಂಡೆಯ ಮರಳಿನಲ್ಲಿ ಮಗಳು ಗೊರಸಿನ ಗುರುತು ಕಂಡುಹಿಡಿದಳು. ಎರಡು ಸೀಳಿನ ದೊಡ್ಡ ಗುರುತು. "ಕಡವೆ, ರಾತ್ರಿ ನೀರಿಗೆ ಬಂದದ" ಎಂದರು ಮಾವ. ಅಂಚು ಇನ್ನೂ ಚೂಪಾಗಿ, ಕುಸಿಯದೆ ನಿಂತಿತ್ತು.

ಮಧ್ಯಾಹ್ನ ಮೊಲೆಂ ಹತ್ತಿರ ಲಾರಿಯವರು ನಿಲ್ಲುವ ಒಂದು ಖಾನಾವಳಿಗೆ ಹೋದೆವು. ನಾವು ಕನ್ನಡ ಮಾತಾಡುವುದು ಕೇಳಿ ಒಲೆ ಮುಂದಿದ್ದ ಅಕ್ಕ ಹೊರಗೆ ಬಂದರು. ಗದಗ ಕಡೆಯವರು. "ಏನ್ರಿ ಕೊರಳಾಗ ಅದು, ಸರ್ವೆ ಮಾಡಾಕ ಬಂದೀರೇನು?" ಎಂದು ಕೇಳಿದರು. ಜಿಂಕೆ ನೋಡಲು ಎಂದಾಗ ಅವರಿಗೆ ಆಶ್ಚರ್ಯ. "ಅಯ್ಯ, ಜಿಂಕಿ ನಮ್ಮ ಊರ ಎರಿ ಹೊಲದಾಗ ಹಿಂಡಗಟ್ಟಲೆ ಅದಾವಲ್ರಿ! ಇಲ್ಲಿ ಸಂಜಿ ಆದ್ರ ಹಿತ್ತಲಿಗೆ ಕಾಡಕೋಣನ ಬರ್ತಾವು." ಅವರು ಹೇಳಿದ್ದು ಕೃಷ್ಣಮೃಗ. ಗದಗ, ಹಾವೇರಿಯ ಎರೆ ಬಯಲಿನಲ್ಲಿ ಕಾಣುವುದು ಅದೇ. ಎಣಗಾಯಿ, ಬಿಸಿ ರೊಟ್ಟಿ, ಜೊತೆಗೆ ಗೋವಾದ ಸೋಲ್‌ಕಡಿ. ಆ ತಟ್ಟೆಯ ರುಚಿ ಬರೆಯುವಾಗಲೂ ಬಾಯಲ್ಲಿದೆ. ದುಡ್ಡು ಕೊಡುವಾಗ, "ಅಮೆರಿಕಾದಿಂದ ಬಂದ ಅಣ್ಣಾರಿಗೆ ಇನ್ನೊಂದು ರೊಟ್ಟಿ ಕಟ್ಟತೀನಿ" ಅಂತ ಒತ್ತಾಯ ಬೇರೆ.

ಸಂಜೆ ಅಕ್ಕನ ಮಾತು ನಿಜವಾಯಿತು. ರಸ್ತೆಯಂಚಿನ ಬಯಲಿನಲ್ಲಿ ಕಾಡುಕೋಣಗಳ ಹಿಂಡು, ಬಿಳಿ ಕಾಲುಚೀಲ ಹಾಕಿದ ಹಾಗಿನ ಕಾಲುಗಳು. ಗೋವಾದ ರಾಜ್ಯಪ್ರಾಣಿ ಅದೇ. ಕಾರಿನಿಂದ ಇಳಿಯದೆ ನೋಡಿದೆವು. ಜಿಂಕೆ ಮಾತ್ರ ಸಿಗಲಿಲ್ಲ.

ಮೂರನೇ ದಿನ: ದಕ್ಷಿಣಕ್ಕೆ, ಕೊಟಿಗಾಂವ್

ಸಾವರ್ಡೆ, ಕೆಪೆಂ ದಾಟಿ ಹೆದ್ದಾರಿ ಹಿಡಿದು, ಕರ್ಮಲ್ ಘಾಟಿನ ತಿರುವುಗಳಲ್ಲಿ ನಿಧಾನಕ್ಕೆ ಹೋಗಿ ಕಾಣಕೋಣ ತಲುಪಿದೆವು. ಚಾವಡಿ ಪೇಟೆಯಲ್ಲಿ ಬಿಸಿ ಪಾವ್, ಪಾತಳ್ ಭಾಜಿ. ಕಾರವಾರದ ಕಡೆ ಸ್ವಲ್ಪ ಹೋದರೆ ಕೊಟಿಗಾಂವ್ ಅಭಯಾರಣ್ಯದ ದಾರಿ ಒಳಗೆ ಹೊರಳುತ್ತದೆ. 1968ರಲ್ಲಿ ಘೋಷಿಸಿದ ಕಾಡು, 86 ಚದರ ಕಿಲೋಮೀಟರ್. ಒಳಗೆ ಊರುಗಳೂ ಇವೆ. ವೇಳಿಪ ಸಮುದಾಯದ ಜನ ತಲೆತಲಾಂತರದಿಂದ ಅಲ್ಲೇ ಇದ್ದಾರೆ. ಮತ್ತಿ, ಜಂಬೆ, ನಂದಿ ಮರಗಳು ಬಹಳ ಎತ್ತರಕ್ಕೆ ನೆಟ್ಟಗೆ ಹೋಗಿವೆ. ಬಿಸಿಲು ನೆಲಕ್ಕೆ ಬೀಳುವಷ್ಟರಲ್ಲಿ ಸೋಸಿ ಹಸಿರಾಗಿರುತ್ತದೆ.

ನಮ್ಮ ಜೊತೆ ಬಂದ ಅರಣ್ಯ ವಾಚರ್ ಐವತ್ತು ದಾಟಿದವರು. ಹೆಂಡತಿಯ ತವರು ಕಾರವಾರ, ಹಾಗಾಗಿ ಕೊಂಕಣಿ ಬೆರೆಸಿದ ಚೆಂದದ ಕನ್ನಡ. ಮೊದಲು ನಮ್ಮ ಕಾಲು ನೋಡಿದರು. "ಉದ್ದ ಸಾಕ್ಸ್ ಹಾಕಿ ಅಮ್ಮಾ, ಪ್ಯಾಂಟು ಅದರೊಳಗೆ ಸೇರಿಸಿ. ಈಗ ಉಣ್ಣೆ ಕಾಲ" ಎಂದರು. ಮಂಗನ ಕಾಯಿಲೆ ಹರಡುವುದು ಮೈಗೆ ಕಚ್ಚಿ ರಕ್ತ ಹೀರುವ ಈ ಉಣ್ಣೆ ಹುಳಗಳಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಗೋವಾದ ಸತ್ತರಿ ಕಡೆಯೂ ಕಂಡಿದೆ. ಒಣ ತಿಂಗಳುಗಳಲ್ಲೇ ಜಾಸ್ತಿ. ತರಗೆಲೆಯ ಮೇಲೆ ಸುಮ್ನೆ ಕೂರಬಾರದು, ಹಾಸಲು ಏನಾದರೂ ಒಯ್ಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ಹೇಳಬೇಕು.

ವಾಚರ್ ತಮ್ಮ ಕೋಣೆಯ ಮೂಲೆಯಲ್ಲಿದ್ದ ಒಂದು ಸುರುಳಿ ತೋರಿಸಿದರು. ಬೈಕಿನ ಕ್ಲಚ್ ವೈರ್‌ಗಳು. ಕಾಲುದಾರಿಗಳಲ್ಲಿ ಕಟ್ಟಿದ್ದ ಉರುಲುಗಳನ್ನು ಗಸ್ತಿನಲ್ಲಿ ಬಿಚ್ಚಿ ತಂದದ್ದು. ಹಂದಿಗೆ ಅಂತ ಇಡುತ್ತಾರೆ. ಅದಕ್ಕೆ ಕಾಡುಕುರಿಯೂ ಸಿಗುತ್ತದೆ, ಚಿರತೆಯೂ ಸಿಗುತ್ತದೆ. ಮಾವ ಒಂದು ವೈರನ್ನು ಕೈಗೆ ತೆಗೆದುಕೊಂಡರು. ಅವರ ಮುಖ ಕೆಂಪಾಯಿತು. "ಇದು ಬೇಟೆ ಅಲ್ಲ. ಯಾವುದು ಸಾಯತದ ಅಂತ ನೋಡೂದ ಇಲ್ಲ. ಹೆಣ್ಣೋ, ಮರಿಯೋ, ಎಷ್ಟು ದಿನ ನರಳತದೋ" ಎಂದರು. ಅಷ್ಟು ಸಿಟ್ಟು ಅವರಲ್ಲಿ ನಾನು ನೋಡಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಒಂದು ಗಂಟೂ ಅಲ್ಲಿ ಸಡಿಲಾಯಿತು. ನೋಡುವುದಕ್ಕೆ ಇಷ್ಟು ಹೊತ್ತು ಕೊಡುವ ಮನುಷ್ಯ, ನೋಡದೆ ಕೊಲ್ಲುವುದನ್ನು ಸಹಿಸಲಾರ.

ಸಂಜೆ ನೀರುಗುಂಡಿಯ ಹತ್ತಿರದ ಮಚಾನು ಹತ್ತಿದೆವು. ಕತ್ತಲಾಗುವ ಮೊದಲು ಇಳಿಯಬೇಕು ಅನ್ನುವ ಷರತ್ತು. ಗುಡ್ಡದ ಹಿಂದೆ ಸೂರ್ಯ ಸರಿದರೆ ಕಾಡೊಳಗೆ ಹೊತ್ತಿಗೆ ಮೊದಲೇ ಮಬ್ಬು. ಎಲ್ಲಿ ನೋಡಿದರೂ ಕಡವೆ ಕಂಡ ಹಾಗಾಗುತ್ತದೆ. ದುರ್ಬೀನಿನಲ್ಲಿ ನೋಡಿದರೆ ಹುತ್ತ. ಇನ್ನೊಂದು ಕಡೆ ಬಿದ್ದ ಮರದ ಬೊಡ್ಡೆ. ಮಾವ ಪಿಸುಮಾತಿನಲ್ಲಿ ಹೇಳುತ್ತಿದ್ದರು: "ಇಡೀ ಜಿಂಕಿ ಹುಡಕಬ್ಯಾಡ. ತುಂಡು ಹುಡಕು. ಮರ ಎಲ್ಲಾ ನೆಟ್ಟಗ ನಿಂತಾವು. ಅಡ್ಡ ಗೆರಿ ಎಲ್ಲಿ ಅದ ನೋಡು, ಅದು ಬೆನ್ನು ಇರಬಹುದು."

ಆ ಅಡ್ಡ ಗೆರೆ ಮೊದಲು ಕಂಡದ್ದು ಮಗಳಿಗೆ. ನನ್ನ ಕೈಯಲ್ಲಿದ್ದದ್ದು ಜೇಬಿನಲ್ಲಿ ಹಿಡಿಯುವ ಚಿಕ್ಕ 10x25. ಅದರಲ್ಲಿ ಬರೀ ಕಪ್ಪು. ಅವಳು ತನ್ನ 8x42 ಕೊಟ್ಟಳು, ಅದರಲ್ಲಿ ಕಡವೆ ಸ್ಪಷ್ಟ. ಕಾರಣ ಲೆಕ್ಕದಲ್ಲೇ ಇದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಚಿಕ್ಕದರಲ್ಲಿ 2.5 ಮಿಲಿಮೀಟರ್, ಅವಳದರಲ್ಲಿ 5ಕ್ಕಿಂತ ಸ್ವಲ್ಪ ಜಾಸ್ತಿ. ಮಬ್ಬಿನಲ್ಲಿ ನಮ್ಮ ಪಾಪೆ ಅಗಲವಾಗಿ ತೆರೆದು ಬೆಳಕಿಗೆ ಕಾಯುತ್ತಿರುತ್ತದೆ, ಚಿಕ್ಕ ದುರ್ಬೀನು ಅದಕ್ಕೆ ಸಾಕಾಗುವಷ್ಟು ಕೊಡುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುತ್ತದೆ ಅಂತ ಹೇಳಿ ಮಾರುವವರ ಮಾತಿಗೆ ಮರುಳಾಗಬಾರದು. ಜಿಂಕೆ ಓಡಾಡುವುದು ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲೇ ಅಲ್ವಾ?

ಹೆಣ್ಣು ಕಡವೆ. ಕುತ್ತಿಗೆ ಚಾಚಿ ಕಿವಿ ನಮ್ಮ ಕಡೆ ತಿರುಗಿಸಿತು. ಮುಂಗಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿತು. ಆಮೇಲೆ ಬಾಲ ಎತ್ತಿ ಕಹಳೆಯ ಹಾಗೆ ಒಂದೇ ಗಟ್ಟಿ ಕೂಗು ಹಾಕಿ ಹೊರಟುಹೋಯಿತು. ಗಾಳಿ ನಮ್ಮಿಂದ ಅದರ ಕಡೆಗೆ ತಿರುಗಿತ್ತು.

ನಾಲ್ಕನೇ ದಿನ: ಬೂರುಗದ ಮರ

ವಾಚರ್‌ಗೆ ಒಂದು ಬೂರುಗದ ಮರ ಗೊತ್ತಿತ್ತು. ಎಲೆ ಪೂರ್ತಿ ಉದುರಿ, ಬರೀ ಕೆಂಪು ಹೂ. ಮುಸುವಗಳು ಮೇಲೆ ಕೂತು ತಿನ್ನುತ್ತವೆ, ಅರ್ಧ ಕೆಳಗೆ ಬೀಳಿಸುತ್ತವೆ. ಬಿದ್ದ ಹೂವಿಗೆ ಜಿಂಕೆ, ಕಾಡುಕುರಿ ಬರುತ್ತವೆ. ಫೆಬ್ರವರಿಯಲ್ಲಿ ಹೋಗುವವರು ಹೂ ಬಿಟ್ಟ ಬೂರುಗ ಎಲ್ಲಿದೆ ಅಂತ ಕೇಳಿದರೆ ಅರ್ಧ ಕೆಲಸ ಆಯಿತು.

ಹೋಗುವ ದಾರಿಯಲ್ಲಿ ತರಗೆಲೆ ಸದ್ದು ಮಾಡುತ್ತಿತ್ತು. ಮಾವ ಕೆಲವೇ ಹೆಜ್ಜೆ ಇಟ್ಟು ನಿಲ್ಲುತ್ತಿದ್ದರು. ನಿಂತಾಗ ದುರ್ಬೀನು ಕಣ್ಣಿಗೆ. ನೋಡಿ ಮುಗಿದ ಮೇಲೆ ಮತ್ತೆ ಹೆಜ್ಜೆ. ಎದುರಿಗೆ ಕೂಗಳತೆಯಷ್ಟೂ ಬಯಲಿಲ್ಲ, ಇಷ್ಟು ಹತ್ತಿರಕ್ಕೆ ದುರ್ಬೀನು ಯಾಕೆ ಅಂತ ನಾನು ಕೇಳಿದೆ. ಅವರು ನನ್ನ ಕೈಯಲ್ಲಿ ತಮ್ಮದನ್ನು ಇಟ್ಟು, "ಚಕ್ರ ನಿಧಾನ ತಿರುಗಸು" ಎಂದರು.

ಆ ಒಂದು ನಿಮಿಷಕ್ಕೆ ಇಡೀ ಪ್ರವಾಸ ಸಾರ್ಥಕ ಆಯಿತು. ಮೊದಲು ಹತ್ತಿರದ ಬಳ್ಳಿ ಸ್ಪಷ್ಟವಾಗಿತ್ತು. ಚಕ್ರ ಸ್ವಲ್ಪ ತಿರುಗಿದ ಕೂಡಲೇ ಬಳ್ಳಿ ಕರಗಿ ಮಾಯ, ಅದರ ಹಿಂದಿನ ಪೊದೆ ಬಂತು. ಮತ್ತೆ ತಿರುಗಿಸಿದರೆ ಪೊದೆ ಕರಗಿ, ಅದರ ಹಿಂದಿನ ಬೊಡ್ಡೆ. ಬರಿಗಣ್ಣಿಗೆ ಒಂದೇ ಹಸಿರು ಗೋಡೆಯಾಗಿದ್ದ ಕಾಡು ಪದರ ಪದರವಾಗಿ ಬಿಚ್ಚಿಕೊಳ್ಳುತ್ತಾ ಹೋಯಿತು. ದುರ್ಬೀನು ದೂರದ್ದನ್ನು ಹತ್ತಿರ ತರುತ್ತದೆ ಅಂತಲೇ ನಾನು ತಿಳಿದಿದ್ದೆ. ಕೊಲರಾಡೋದ ಬಯಲಿನಲ್ಲಿ ಅದು ನಿಜ. ನಮ್ಮ ಘಟ್ಟದ ಕಾಡಿನಲ್ಲಿ ಅದರ ದೊಡ್ಡ ಕೆಲಸ, ಹತ್ತಿರವೇ ಅಡಗಿರುವುದನ್ನು ತೋರಿಸುವುದು. ಕಾಡು ನೋಡಲು ಹೋಗಿ ಏನೂ ಕಾಣಲಿಲ್ಲ ಅಂತ ಬೇಜಾರಿನಲ್ಲಿ ವಾಪಸು ಬರುವ ಎಲ್ಲರಿಗೂ ಇದನ್ನು ಹೇಳಬೇಕು ಅನ್ನಿಸಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾಲ್ಕನೇ ಪದರದಲ್ಲೋ ಐದನೆಯದರಲ್ಲೋ ಒಂದು ಒದ್ದೆ ಮೂಗು ಹೊಳೆಯಿತು.

ಆಮೇಲೆ ಮುಖದ ಕಪ್ಪು ಗೆರೆಗಳು, ಕೂದಲು ಮುಚ್ಚಿದ ಉದ್ದ ಬುಡದ ಮೇಲೆ ಚಿಕ್ಕ ಕೊಂಬು. ಗಂಡು ಕಾಡುಕುರಿ! ಮೇಲ್ದವಡೆಯಿಂದ ಇಳಿದ ಕೋರೆಹಲ್ಲು ಕೂಡ ಕಂಡಿತು. ಬೂರುಗದ ಹೂವಿನ ದಪ್ಪ ಎಸಳನ್ನು ಅಗಿಯುತ್ತಿತ್ತು, ನಾಲಿಗೆ ಉದ್ದಕ್ಕೆ ಚಾಚಿ ಇನ್ನೊಂದನ್ನು ಎಳೆದುಕೊಳ್ಳುತ್ತಿತ್ತು. ದುರ್ಬೀನು ಇಳಿಸಿದರೆ ಅಲ್ಲಿ ಏನೂ ಇಲ್ಲ, ಬರೀ ಎಲೆ. ಮಗಳಿಗೆ ಜಾಗ ತೋರಿಸಲು ಬೆರಳು ಎತ್ತಲಿಲ್ಲ. "ಓರೆ ಮರ, ಅದರ ಎಡಕ್ಕೆ ಹುತ್ತ, ಹುತ್ತದ ಹಿಂದೆ" ಅಂತ ಪಿಸುಗುಟ್ಟಿದೆ. ಕಣ್ಣನ್ನು ಆ ಜಾಗದಿಂದ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತಂದಳು. ಸಿಕ್ಕಿತು. ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ಮಾವ ನೋಡಲು ಹೋಗದೆ ನಮ್ಮಿಬ್ಬರನ್ನೇ ನೋಡುತ್ತಾ ನಿಂತಿದ್ದರು. ಮೇಲೆ ಮುಸುವ ಒಂದು ಕೊಂಬೆ ಅಲ್ಲಾಡಿಸಿತು, ಕಾಡುಕುರಿ ಬಾಲದ ಬಿಳಿ ತೋರಿಸಿ ಪೊದೆಯೊಳಗೆ ನುಗ್ಗಿತು.

ಗೇಟಿಗೆ ಬಂದು ಒಬ್ಬರ ಬೆನ್ನು ಒಬ್ಬರು ನೋಡಿ ಉಣ್ಣೆ ಹುಡುಕಿದೆವು. ಮಗಳ ಸಾಕ್ಸಿನ ಮೇಲೆ ಎರಡು ಸಿಕ್ಕವು, ಚರ್ಮಕ್ಕೆ ಹತ್ತಿರಲಿಲ್ಲ. ಚಹಾ ಕುಡಿಯುವಾಗ ಮಾವ ವಾಚರ್‌ಗೆ, "ನಿಮ್ಮ ಹತ್ರ ದುರ್ಬೀನು ಇಲ್ಲೇನ್ರಿ?" ಎಂದು ಕೇಳಿದರು. ಇಲ್ಲ ಎಂದರು ಅವರು. ಮಾವ ಚೀಲದಿಂದ ತಮ್ಮ ಹಳೇ 8x42 ತೆಗೆದು ಅವರ ಕೊರಳಿಗೆ ಹಾಕಿದರು. ಎಡಗಣ್ಣು, ಬಲಗಣ್ಣು, ಬಳೆ ಎಲ್ಲವನ್ನೂ ಮತ್ತೊಮ್ಮೆ ತೋರಿಸಿದರು.

ವಾಚರ್ ಅದನ್ನು ಎತ್ತಿ ನೇರ ಎದುರಿನ ಗುಡ್ಡಕ್ಕೆ ಹಿಡಿದರು. ಅಲ್ಲಿ ತೆಳುವಾದ ಹೊಗೆ ಏಳುತ್ತಿತ್ತು, ನಮ್ಮ ಗಮನಕ್ಕೆ ಬಂದೇ ಇರಲಿಲ್ಲ. ಚಕ್ರ ತಿರುಗಿಸಿ ಬಹಳ ಹೊತ್ತು ನೋಡಿದರು. "ಗೇರು ತೋಟದವರು ಎಲೆ ಸುಡ್ತಾ ಇದ್ದಾರೆ. ಇಬ್ಬರು ಪಕ್ಕದಲ್ಲೇ ನಿಂತಿದ್ದಾರೆ, ಕೈಯಲ್ಲಿ ಸೊಪ್ಪು ಇದೆ" ಎಂದರು. ಆದರೂ ಮೊಬೈಲ್ ತೆಗೆದು ಆಫೀಸಿಗೆ ಫೋನ್ ಮಾಡಿ, ಯಾವ ಗುಡ್ಡ, ಯಾವ ಕಡೆ ಅಂತ ತಿಳಿಸಿ, ಆ ಕಡೆಗೇ ನಡೆದರು.